ಬೆಳಗಿನ ಜಾವದಲ್ಲಿ ನೋಡಿದ ಮನೆ

ಹೊಲಿಗೆ ಯಂತ್ರವನ್ನು ಇನ್ನೊಮ್ಮೆ ಲಾರಿಗೆ ಏರಿಸುವುದಿಲ್ಲ ಎಂದು ಅವಳು ಕಡ್ಡಿ ಮುರಿದಂತೆ ಹೇಳಿಬಿಟ್ಟಳು.

ಅವಳು ಟೈಲರ್. ಗಂಡ ಹಾಲಿನ ವ್ಯಾನ್ ಓಡಿಸುತ್ತಾನೆ. ಜೊತೆಗೆ ಅತ್ತೆ, ಶಾಲೆಗೆ ಹೋಗುವ ಮಗಳು. ಬಾಡಿಗೆ ಮನೆಯವರ ಕಷ್ಟ ನಿಮಗೆ ಗೊತ್ತಿರುವುದೇ. ಒಂದು ಮನೆಯ ಒಡೆಯರ ಮಗನಿಗೆ ಮದುವೆಯಾಯಿತು, ಮನೆ ಬಿಡಿ ಎಂದರು. ಇನ್ನೊಂದನ್ನು ಕೆಡವಿ ಮಹಡಿ ಕಟ್ಟಲು ಹೊರಟರು. ಮತ್ತೊಂದರ ಬಾಡಿಗೆ ಕೈಗೆಟುಕದ ಹಾಗೆ ಏರಿತು. ಒಂದೊಂದು ಸಲ ಮನೆ ಬದಲಿಸಿದಾಗಲೂ ಯಂತ್ರದ ಕಾಲು ಇನ್ನಷ್ಟು ಸಡಿಲವಾಯಿತು. ಈಗ ಆ ಕಾಲಿನ ಕೆಳಗೆ ಮಡಿಸಿದ ರಟ್ಟು ಇದೆ. ಕಾಲಿನ ಮಾತು ಹಾಗಿರಲಿ, ಹಳೆಯ ಗಿರಾಕಿಗಳು ಹೊಸ ವಿಳಾಸ ಹುಡುಕಿಕೊಂಡು ಬರುವುದಿಲ್ಲ. ಪ್ರತಿ ಸಲವೂ ಮೊದಲಿನಿಂದ ಶುರು.

"ಮುಂದಿನ ಸಲ ಹೋಗೋದು ಸ್ವಂತ ಮನೆಗೆ," ಎಂದಳು. "ಇಲ್ಲಾಂದ್ರೆ ನಾನೂ ನನ್ನ ಮೆಷಿನ್ನೂ ಇಲ್ಲೇ ಕೂತಿರ್ತೀವಿ. ಬೇಕಾದ್ರೆ ನಮ್ಮನ್ನೂ ಸೇರಿಸಿ ಬಾಡಿಗೆಗೆ ಕೊಡಲಿ."

"ನನ್ನನ್ನೂ ಸೇರಿಸ್ಕೋ," ಎಂದರು ಅತ್ತೆ, ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ. "ಬಾಡಿಗೆ ಇನ್ನೂ ಕಮ್ಮಿ ಆಗುತ್ತೆ."

ಗಂಡ ಹೆಂಡತಿ ವರ್ಷಗಟ್ಟಲೆ ಕೂಡಿಟ್ಟದ್ದು ಬ್ಯಾಂಕಿನಲ್ಲಿತ್ತು. ಉಳಿದದ್ದಕ್ಕೆ ಸಾಲ ಸಿಗುತ್ತಿತ್ತು. ಆದರೆ ಅದು ಒಂದೇ ಮನೆಯ ಹಣ. ತಪ್ಪು ಜಾಗದಲ್ಲಿ ಕೊಂಡರೆ, ಇನ್ನೊಂದನ್ನು ಕೊಳ್ಳುವಷ್ಟು ದುಡಿಮೆಯೂ ಆಯುಷ್ಯವೂ ಮುಂದೆ ಉಳಿದಿರಲಿಲ್ಲ.

ಎಲ್ಲಿ ಕೊಳ್ಳಬೇಕು ಎಂಬುದರಲ್ಲಿ ಗಂಡನಿಗೆ ಅನುಮಾನವೇ ಇರಲಿಲ್ಲ.

"ನಗರದ ಹೊರಗೆ ಹೊಸ ಬಡಾವಣೆ ಆಗಿದೆಯಲ್ಲ, ಅಲ್ಲಿ," ಎಂದ. "ಎಂಥ ಜಾಗ ಅಂತೀಯ! ತಣ್ಣಗೆ ಗಾಳಿ, ಒಂದು ಸದ್ದಿಲ್ಲ. ಹಕ್ಕಿ ಕೂಗೋದು ಕೇಳುತ್ತೆ. ಡೈರಿಯಿಂದ ಹೊರಟ್ರೆ ಒಂದು ಹಾಡು ಮುಗಿಯೋದ್ರಲ್ಲಿ ಅಲ್ಲಿರ್ತೀನಿ. ಮನೆಗೆ ಮೂರು ಕೋಣೆ."

"ಮಾರುಕಟ್ಟೆ ಹಿಂದಿನ ಬೀದೀಲಿ ನಾನೊಂದು ಮನೆ ನೋಡಿದ್ದೆ," ಎಂದಳು ಅವಳು. "ಹಳೇದು, ಚಿಕ್ಕದು. ಆದ್ರೂ…"

"ಆ ಬೀದಿ ಹೆಸರೆತ್ತಬೇಡ!" ಗಂಡ ಎರಡೂ ಕಿವಿ ಮುಚ್ಚಿಕೊಂಡ. "ಅದು ಬೀದಿಯಾ? ಲಾರಿಗಳ ಜಗಳದ ಮೈದಾನ. ದಿನಾ ಅಲ್ಲಿ ಸಿಕ್ಕಿಹಾಕ್ಕೊಂಡು ಹಾರ್ನ್ ಹೊಡೆದೂ ಹೊಡೆದೂ ನನ್ನ ಹೆಬ್ಬೆರಳು ಸವೆದಿದೆ. ನೋಡಿಲ್ಲಿ. ಈ ನಗರದ ಒಂದೊಂದು ಗಲ್ಲಿಯೂ ನಂಗೆ ಗೊತ್ತು. ನಂಗೇ ಹೇಳ್ತೀಯಾ?"

ಅವನು ಹೇಳಿದ್ದು ಸುಳ್ಳಲ್ಲ. ಅವನಿಗೆ ಗೊತ್ತಿಲ್ಲದ ಬೀದಿ ಇರಲಿಲ್ಲ. ಎಲ್ಲರ ಬಾಗಿಲಿಗೂ ಹಾಲು ತಲುಪಿಸುವವನು ಅವನು.

ಹೊಸ ಬಡಾವಣೆಯ ಮನೆ ತೋರಿಸುವ ದಲ್ಲಾಳಿಗೆ ಅತ್ತೆ ಅದಾಗಲೇ ನಾಳೆಯಣ್ಣ ಎಂದು ಹೆಸರಿಟ್ಟಿದ್ದರು. ಸಾಕಷ್ಟು ಬಸ್ಸು ಇದೆಯೇ ಎಂದರೆ ನಾಳೆ ಬರುತ್ತೆ ಎನ್ನುವನು. ನಲ್ಲಿಯ ನೀರು? ನಾಳೆ. ಆಸ್ಪತ್ರೆ? ನಾಳೆ, ಅದೂ ದೊಡ್ಡದು. ಮುಂಗಡ ಹಣ ಮಾತ್ರ ನಾಳೆಯಲ್ಲ, ಈ ವಾರವೇ ಬೇಕಾಗಿತ್ತು. ಶನಿವಾರ ಸಂಜೆಯೊಳಗೆ ಕೊಡದಿದ್ದರೆ ಮನೆ ಬೇರೆಯವರ ಪಾಲು.

ಆ ಸೋಮವಾರ ಅಂಗಿಯೊಂದನ್ನು ಸಡಿಲ ಮಾಡಿಸಲು ನಕ್ಷೆ ಮೇಡಂ ಬಂದರು. ನಗರ ಯೋಜನೆಯ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಅವರದು. ಹಾಗಾಗಿ ಆ ಹೆಸರು.

"ಕೂತು ಕೂತು ರಸ್ತೆ ಅಗಲ ಮಾಡ್ತೀನಿ, ಜೊತೆಗೆ ನಾನೂ ಅಗಲ ಆಗ್ತಿದೀನಿ," ಎನ್ನುತ್ತ ಅಂಗಿ ಕೊಟ್ಟರು. ಗಂಡ ಹೆಂಡತಿ ಮುಖ ಊದಿಸಿಕೊಂಡು ಕುಳಿತಿರುವುದು ಕಂಡಿತು. "ಏನು, ಮಳೆ ಬರೋ ಹಾಗಿದೆ?"

ಅವಳು ಎಲ್ಲ ಹೇಳಿದಳು. ಗಂಡ ನಡುನಡುವೆ ಬಾಯಿ ಹಾಕಿದ. ಮೇಡಂ ಇಬ್ಬರ ಮಾತನ್ನೂ ಕೇಳಿದರು.

"ಅಣ್ಣ, ಆ ಹೊಸ ಬಡಾವಣೆಗೆ ನೀವು ಯಾವ ಹೊತ್ತಿಗೆ ಹೋಗ್ತೀರಿ?"

"ಹಾಲು ಹಾಕೋಕೆ. ಬೆಳಗಿನ ಜಾವ."

"ಮಾರುಕಟ್ಟೆ ಬೀದಿಗೆ?"

"ಅದಕ್ಕೂ ಸ್ವಲ್ಪ ಮೊದ್ಲು."

"ಮಧ್ಯಾಹ್ನ ಯಾವತ್ತಾದ್ರೂ ನೋಡಿದ್ದೀರಾ, ಎರಡ್ರಲ್ಲಿ ಒಂದನ್ನ?"

"ಮಧ್ಯಾಹ್ನ ನಾನು ಮಲಗಿರ್ತೀನಲ್ಲ ಮೇಡಂ! ಹಾಲಿನವನಿಗೆ ಅದೇ ರಾತ್ರಿ."

"ಇವನು ಈ ನಗರ ಪೂರ್ತಿ ನೋಡಿದ್ದಾನೆ," ಎಂದರು ಅತ್ತೆ ಒಳಗಿನಿಂದ. "ಅದು ಮಲಗಿದ್ದಾಗ."

ಮೇಡಂ ನಕ್ಕರು. "ಹೊಸ ಬಡಾವಣೆ ಕೆಟ್ಟದ್ದು ಅಂತ ನಾನು ಹೇಳಲ್ಲ. ಹಳೇ ಬೀದಿ ಒಳ್ಳೇದು ಅಂತಾನೂ ಹೇಳಲ್ಲ. ಮನೆ ಕೊಳ್ಳೋಕೆ ಮೊದ್ಲು ಒಂದು ಕೆಲಸದ ದಿನ ಅಲ್ಲಿ ಬದುಕಿ ನೋಡಿ. ಭಾನುವಾರ ಬೇಡ, ಭಾನುವಾರ ಎಲ್ಲಾ ಊರೂ ಚೆನ್ನಾಗಿರುತ್ತೆ. ಮಗಳು ಅಲ್ಲಿಂದಲೇ ಶಾಲೆಗೆ ಹೋಗ್ಲಿ. ಅಮ್ಮ ಅಲ್ಲಿಂದಲೇ ಔಷಧಿ ಅಂಗಡಿಗೆ ಹೋಗ್ಲಿ. ಇವಳು ಹೊಲಿಗೆ ಹಿಡ್ಕೊಂಡು ಬಾಗಿಲಲ್ಲಿ ಕೂತ್ಕೊಳ್ಳಲಿ. ನೀವು ಕೆಲಸ ಮುಗಿಸಿ ಅಲ್ಲಿಗೇ ಮಲಗೋಕೆ ಹೋಗಿ. ಆದ್ರೆ ವ್ಯಾನ್ ಬೇಡ. ಬಸ್ಸಲ್ಲಿ."

"ವ್ಯಾನ್ ಯಾಕೆ ಬೇಡ?"

"ವ್ಯಾನ್ ಕೆಟ್ಟು ನಿಂತ ದಿನವೂ ಮನೆ ನಡೀಬೇಕಲ್ಲ. ನೀವು ಇಲ್ಲದ ದಿನವೂ."

"ನಾನೆಲ್ಲಿಗೆ ಹೋಗ್ತೀನಿ ಮೇಡಂ?"

"ಯಾರೂ ಎಲ್ಲಿಗೂ ಹೋಗೋದು ಬೇಡ." ಮೇಡಂ ಅಂಗಿಯ ಗುಂಡಿಯನ್ನೊಮ್ಮೆ ಮುಟ್ಟಿ ನೋಡಿದರು. "ಆದ್ರೂ ಮನೆ ಕೊಳ್ಳುವಾಗ ಅದೊಂದು ಪ್ರಶ್ನೆ ಕೇಳ್ಕೋಬೇಕು. ಒಬ್ಬರು ಕಮ್ಮಿಯಾದ್ರೂ ಉಳಿದವರಿಗೆ ಆ ಮನೆ ಭಾರ ಆಗಬಾರದು."

ಅಷ್ಟರಲ್ಲಿ ಅತ್ತೆ, "ಮಡಚೋ ಕುರ್ಚಿ ಎಲ್ಲಿದೆ?" ಎಂದರು. ಅವರು ಹೊರಡಲು ತಯಾರಾಗಿದ್ದರು.

ನಾಳೆಯಣ್ಣನಿಗೆ ಇದು ವಿಚಿತ್ರವಾಗಿ ಕಂಡಿತು. ಮನೆ ನೋಡಲು ಬರುವವರನ್ನು ಅವನು ಕಂಡಿದ್ದ, ಇಡೀ ದಿನ ಮನೆಯಲ್ಲಿ ಕೂರುತ್ತೇವೆ ಎನ್ನುವವರನ್ನು ಕಂಡಿರಲಿಲ್ಲ. ಆದರೂ ಬೀಗದ ಕೈ ಕೊಟ್ಟ. ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅತ್ತೆ, ಸೊಸೆ, ಮೊಮ್ಮಗಳು ಹೊಸ ಬಡಾವಣೆಗೆ ಹೋಗಿ ಇಳಿದರು. ಕೈಯಲ್ಲಿ ಕುರ್ಚಿ, ಚಾಪೆ, ಫ್ಲಾಸ್ಕಿನಲ್ಲಿ ಚಹಾ, ಒಂದು ಪೊಟ್ಟಣ ಬ್ರೆಡ್ಡು.

ಗಂಡ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ತಣ್ಣನೆಯ ಗಾಳಿ ಬೀಸುತ್ತಿತ್ತು. ಹಕ್ಕಿ ಕೂಗುತ್ತಿತ್ತು. ರಸ್ತೆ ಖಾಲಿ. ಮನೆಯ ಗೋಡೆಗಳಿಗೆ ಹೊಸ ಸುಣ್ಣದ ವಾಸನೆ. ಮಗಳು ಮೂರು ಕೋಣೆಗಳಲ್ಲೂ ಓಡಾಡಿ, "ಇದು ನಂದು," ಎಂದು ಒಂದರ ಬಾಗಿಲಲ್ಲಿ ನಿಂತಳು. ತಾಯಿಗೂ ಒಳಗೊಳಗೇ ಮನಸ್ಸು ಕರಗಿತು. ಇಷ್ಟು ಬೆಳಕು ಬರುವ ಕಿಟಕಿಯ ಪಕ್ಕ ಅವಳು ಈವರೆಗೆ ಯಂತ್ರ ಇಟ್ಟಿರಲಿಲ್ಲ.

ಮಗಳು ಶಾಲೆಗೆ ಹೊರಟಳು. ಬಸ್ಸು ಬರಲಿಲ್ಲ. ನಿಂತಳು, ಕುಳಿತಳು, ಮತ್ತೆ ನಿಂತಳು. ಕೊನೆಗೆ ಬಂದ ಬಸ್ಸಿನ ಮೆಟ್ಟಿಲ ಮೇಲೂ ಜನ ಜೋತಾಡುತ್ತಿದ್ದರು. ಅದು ಹೋದ ಮೇಲೆ ಇನ್ನೊಂದು ಬಂದಾಗ ಹೇಗೋ ನುಗ್ಗಿದಳು.

ಅಷ್ಟರಲ್ಲಿ ಬಡಾವಣೆ ಎಚ್ಚರವಾಯಿತು. ಎದುರಿನ ನಿವೇಶನದಲ್ಲಿ ಕಲ್ಲು ಕತ್ತರಿಸುವ ಯಂತ್ರ ಕಿರುಚಿತು. ಪಕ್ಕದಲ್ಲಿ ಕಬ್ಬಿಣದ ಕಂಬಿ ಬಡಿಯತೊಡಗಿದರು. ಜಲ್ಲಿ ಹೊತ್ತ ಲಾರಿಗಳು ಒಂದರ ಹಿಂದೊಂದು ಬಂದವು. ಅವಳು ಬಾಗಿಲಲ್ಲಿ ಕುಳಿತು ಶಾಲೆಯ ಬಿಳಿ ಅಂಗಿಯೊಂದಕ್ಕೆ ಅಂಚು ಹೊಲಿಯುತ್ತಿದ್ದಳು. ಅಂಚು ಮುಗಿಯುವ ಹೊತ್ತಿಗೆ ಅಂಗಿ ಬಿಳಿಯಾಗಿ ಉಳಿದಿರಲಿಲ್ಲ. ನಡೆದು ಹೋಗುವವರು ಒಬ್ಬರೂ ಕಾಣಲಿಲ್ಲ. ಟೈಲರ್ ಅಂಗಡಿಯ ಫಲಕ ಹಾಕಿದರೆ ಓದುವವರು ಲಾರಿ ಚಾಲಕರು ಮಾತ್ರ.

ಅತ್ತೆ ಮಂಡಿಯ ಮಾತ್ರೆ ತರಲು ಹೊರಟವರು ಬರಿಗೈಯಲ್ಲಿ ಬಂದರು. ಆದರೆ ಒಬ್ಬ ಗೆಳತಿಯನ್ನು ಸಂಪಾದಿಸಿಕೊಂಡಿದ್ದರು. ಆಕೆ ಕೆಳಗಿನ ಸಾಲಿನ ಮನೆಯವರು.

"ಔಷಧಿ ಅಂಗಡಿಗೆ ಹೋಗ್ಬೇಕಾದ್ರೆ ಹೆದ್ದಾರಿ ದಾಟಬೇಕಂತೆ," ಎಂದರು ಅತ್ತೆ. "ದಾಟಿದ್ರೆ ಆಮೇಲೆ ಔಷಧಿ ಬೇಕಾಗಲ್ಲ."

ಜೊತೆಗೇ ಬಂದಿದ್ದ ಆ ಮನೆಯಾಕೆ ಈ ಮನೆಯ ಗೇಟಿನ ಕಂಬ ತೋರಿಸಿದರು. ಹೊಸ ಸುಣ್ಣದ ಅಡಿಯಲ್ಲೂ ಮಸುಕಾದ ಕಂದು ಗೆರೆಯೊಂದು ಅತ್ತೆಯ ಮೊಣಕಾಲಿನ ಎತ್ತರಕ್ಕೆ ಕಾಣುತ್ತಿತ್ತು.

"ಜೋರು ಮಳೆ ಬಂದ್ರೆ ಮೊದ್ಲು ನಮ್ಮನೆಗೆ ನೀರು, ಆಮೇಲೆ ನಿಮ್ಮನೆಗೆ. ಪಾಳಿ ತಪ್ಪಲ್ಲ," ಎಂದು ಆಕೆ ನಕ್ಕರು. "ಇಲ್ಲಿ ಮೊದ್ಲು ನೀರು ಹರಿಯೋ ಹಳ್ಳ ಇತ್ತಂತೆ. ನಾವು ಕೇಳದೆ ಕೊಂಡ್ವಿ. ನೀವು ಕೇಳಿದ್ರಲ್ಲ, ಅದಕ್ಕೆ ಹೇಳಿದೆ. ಕುಡಿಯೋ ನೀರಿಗೆ ಮಾತ್ರ ಟ್ಯಾಂಕರ್ ಕಾಯ್ಬೇಕು. ನೀರು ಬೇಡ ಅಂದಾಗ ಬರುತ್ತೆ, ಬೇಕು ಅಂದಾಗ ಬರಲ್ಲ."

ಹಾಲಿನವನು ಕೆಲಸ ಮುಗಿಸಿ, ವ್ಯಾನನ್ನು ಡೈರಿಯಲ್ಲಿ ಬಿಟ್ಟು, ಬಸ್ಸಿನಲ್ಲಿ ಬಂದ. ಒಂದು ಹಾಡು ಮುಗಿಯುವಷ್ಟು ದಾರಿ ಎಂದಿದ್ದವನು ಇಳಿಯುವಾಗ ಹಾಡಿನ ಹೆಸರೂ ಮರೆತವನ ಹಾಗೆ ಕಾಣುತ್ತಿದ್ದ. ಬಂದವನೇ ಚಾಪೆ ಹಾಸಿ ಮಲಗಿದ. ಕಲ್ಲಿನ ಯಂತ್ರ ಕಿರುಚಿತು. ಎಡಕ್ಕೆ ಹೊರಳಿದ. ಕಂಬಿ ಬಡಿದರು. ಬಲಕ್ಕೆ ಹೊರಳಿದ. ಟವೆಲನ್ನು ತಲೆಗೆ ಸುತ್ತಿಕೊಂಡ. ಲಾರಿಯೊಂದು ಹಿಂದಕ್ಕೆ ಬರುತ್ತ ಪೀಂ ಪೀಂ ಎಂದಿತು. ಎದ್ದು ಕುಳಿತ.

"ಹಕ್ಕಿ ಕೂಗ್ತಾ ಇದೆಯೇನಪ್ಪಾ?" ಎಂದರು ಅತ್ತೆ.

ಅವನು ಟವೆಲನ್ನು ಕಿವಿಯ ಮೇಲೆ ಇನ್ನಷ್ಟು ಎಳೆದುಕೊಂಡ.

ಸಂಜೆ ಮಗಳು ಬಂದಳು. ಮೊದಲ ಪಾಠ ತಪ್ಪಿತ್ತು. ಬರುವಾಗ ಬಸ್ಸು ಸಿಗದೆ ಗೆಳತಿಯ ತಂದೆ ಹೆದ್ದಾರಿಯವರೆಗೆ ಬಿಟ್ಟಿದ್ದರು. ಅವಳ ಹಿಂದೆಯೇ ನಾಳೆಯಣ್ಣನೂ ಬಂದ.

"ಹೇಗಿದೆ ಮನೆ? ಇವೆಲ್ಲ ಕಟ್ಟಡ ಮುಗಿದ ಮೇಲೆ ನೋಡಿ! ನಾಳೆ ಇಲ್ಲಿ ದೊಡ್ಡ ರಸ್ತೆ, ರೈಲು, ಆಸ್ಪತ್ರೆ, ಎಲ್ಲಾ ಬರುತ್ತೆ. ಆಗ ಬೆಲೆ ಕೇಳಿದ್ರೆ ತಲೆ ತಿರುಗುತ್ತೆ."

"ನಿನ್ನ ನಾಳೆ ತುಂಬಾ ಚೆನ್ನಾಗಿದೆ ಕಣಪ್ಪಾ," ಎಂದರು ಅತ್ತೆ. "ಆದ್ರೆ ನಂಗೆ ಮಂಡಿ ನೋಯ್ತಿರೋದು ಇವತ್ತು."

ನಾಳೆಯಣ್ಣನಿಗೂ ನಗು ತಡೆಯಲಾಗಲಿಲ್ಲ. ಬೀಗದ ಕೈ ಇಸಿದುಕೊಂಡು, ಶನಿವಾರದವರೆಗೆ ಯೋಚನೆ ಮಾಡಿ ಎಂದು ಹೋದ.

ಮನೆಗೆ ಮರಳುವಾಗ ಬಸ್ಸಿನಲ್ಲಿ ಗಂಡ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದ. ಅವನಿಗೆ ಆ ಮೂರು ಕೋಣೆಗಳ ಮೇಲೆ ಎಷ್ಟು ಆಸೆಯಿತ್ತೆಂದು ಅವಳಿಗೆ ಗೊತ್ತಿತ್ತು. ಫ್ಲಾಸ್ಕಿನಲ್ಲಿ ಉಳಿದ ಚಹಾ ಕೊಟ್ಟಳು.

"ಸರಿ, ಇದು ಬೇಡ," ಎಂದ ಕೊನೆಗೆ. "ಹಾಗಂತ ಆ ಮಾರುಕಟ್ಟೆ ಬೀದಿಗೆ ನಾನು ಬರ್ತೀನಿ ಅಂದ್ಕೋಬೇಡ."

ಮಾರನೆಯ ದಿನ ಮೇಡಂ ಅಂಗಿ ತೆಗೆದುಕೊಂಡು ಹೋಗಲು ಬಂದಾಗಲೂ ಅವನದು ಅದೇ ಪಟ್ಟು. "ಲಾರಿ, ಕೂಗಾಟ, ಕೊಳೆತ ತರಕಾರಿ. ನನ್ನ ಕಣ್ಣಾರೆ ನೋಡಿದ್ದೀನಿ ಮೇಡಂ."

"ನೋಡಿದ್ದು ಜಾವದಲ್ಲಿ," ಎಂದರು ಮೇಡಂ. "ಆ ಹೊತ್ತಿಗೆ ನೀವು ಮನೇಲಿರ್ತೀರಾ?"

ಆ ಹೊತ್ತಿಗೆ ಅವನು ಯಾವ ಮನೆ ಕೊಂಡರೂ ಅದರೊಳಗೆ ಇರುವವನಲ್ಲ.

"ನಾನಿರ್ತೀನಿ," ಎಂದಳು ಅವಳು. "ಅದಕ್ಕೇ ಜಾವದಲ್ಲೊಮ್ಮೆ ಹೋಗಿ ಬಂದೆ. ನೀವು ಕೆಲಸಕ್ಕೆ ಹೊರಟ ಮೇಲೆ, ಅತ್ತೇನೂ ಕರ್ಕೊಂಡು. ಮನೆ ಮಾರೋ ಅಜ್ಜಿ ಒಳಗೆ ಕೂರಿಸಿದ್ರು. ಬೀದಿ ಕಡೆ ಕೋಣೇಲಿ ಗದ್ದಲ ಕೇಳುತ್ತೆ, ನಿಜ. ಹಿಂದಿನ ಕೋಣೇಲಿ ಅಷ್ಟಿಲ್ಲ. ಮಗಳು ಅಲ್ಲಿ ಮಲಗ್ತಾಳೆ."

"ಅಮ್ಮ ಎಲ್ಲಿ ಮಲಗೋದು?" ಎಂದ ಗಂಡ.

"ಆ ಹೊತ್ತಿಗೆ ನಾನು ಹೇಗೂ ಎದ್ದಿರ್ತೀನಿ," ಎಂದರು ಅತ್ತೆ. "ಇಲ್ಲಿ ಗೋಡೆ ನೋಡ್ಕೊಂಡು ಕೂರೋದು. ಅಲ್ಲಿ ಲಾರಿಯವರ ಜಗಳ ನೋಡಬಹುದು. ನಿನ್ನ ವ್ಯಾನೂ ಕಾಣ್ತು. ಎಷ್ಟು ಹಾರ್ನ್ ಹೊಡೀತೀಯೋ ಮಹರಾಯ! ಅರ್ಧ ಗದ್ದಲ ನಿಂದೇ."

ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಡಿಲ ಮಾಡಿಸಿದ ಅಂಗಿಗೆ ಅದು ಮೊದಲ ಪರೀಕ್ಷೆ.

ಶುಕ್ರವಾರ ಅದೇ ಕುರ್ಚಿ, ಚಾಪೆ, ಫ್ಲಾಸ್ಕು ಮಾರುಕಟ್ಟೆ ಹಿಂದಿನ ಬೀದಿಗೆ ಹೋದವು. ಮನೆ ಮಾರುವ ಅಜ್ಜಿ ಸಾಮಾನನ್ನೆಲ್ಲ ತಮ್ಮ ಮಗಳ ಮನೆಗೆ ಸಾಗಿಸಿದ್ದರು. ಎರಡೇ ಕೋಣೆ, ಇಕ್ಕಟ್ಟಾದ ಅಡುಗೆಮನೆ. ಹಿತ್ತಿಲ ಗೋಡೆಯಲ್ಲಿ ಒಂದು ಬಿರುಕು. ಆದರೆ ಮಗಳು ಶಾಲೆಗೆ ನಡೆದೇ ಹೋದಳು. ಅತ್ತೆ ಮಾತ್ರೆ ತಂದರು, ಜೊತೆಗೆ ಔಷಧಿ ಅಂಗಡಿಯವನ ಮನೆಯ ಸಮಾಚಾರವನ್ನೂ ತಂದರು. ನಲ್ಲಿ ತಿರುಗಿಸಿದರೆ ನೀರು ಬಂತು. ಅವಳು ಬಾಗಿಲಲ್ಲಿ ಕುಳಿತು ಅಂಚು ಹೊಲಿಯುತ್ತಿದ್ದಳು. ತರಕಾರಿ ಚೀಲ ಹಿಡಿದು ಹೋಗುತ್ತಿದ್ದ ಹೆಂಗಸೊಬ್ಬರು ನಿಂತರು.

"ನೀವು ಟೈಲರಾ? ಇಲ್ಲಿಗೇ ಬರ್ತೀರಾ?"

"ಇನ್ನೂ ಗೊತ್ತಿಲ್ಲಮ್ಮ."

"ಬೇಗ ತೀರ್ಮಾನ ಮಾಡಿ. ನನ್ನ ಮಗನ ಪ್ಯಾಂಟು ನೆಲ ಗುಡಿಸ್ತಿದೆ."

ಆಕೆ ಮನೆಗೆ ಹೋಗಿ ಪ್ಯಾಂಟು ತಂದೇಬಿಟ್ಟರು.

ಗಂಡ ಬಂದಾಗ ಮಧ್ಯಾಹ್ನ. ಬೀದಿಯ ತುದಿಯಲ್ಲಿ ನಿಂತು ಸುತ್ತ ನೋಡಿದ. ಲಾರಿಗಳೆಲ್ಲ ಯಾವಾಗಲೋ ಹೋಗಿದ್ದವು. ನೆಲ ತೊಳೆದು ಸ್ವಚ್ಛವಾಗಿತ್ತು. ಸಗಟು ಮಳಿಗೆಗಳ ಬಾಗಿಲು ಮುಚ್ಚಿದ್ದವು. ಜಾವದಲ್ಲಿ ಎದ್ದ ವ್ಯಾಪಾರಿಗಳೆಲ್ಲ ಅವನ ಹಾಗೆಯೇ ಮಲಗುವ ಹೊತ್ತು ಅದು. ಮರವೊಂದರ ನೆರಳು ರಸ್ತೆಯನ್ನು ಅರ್ಧ ದಾಟಿತ್ತು. ದಿನವೂ ಬರುವ ಬೀದಿಯಲ್ಲಿ ಅಂಥದೊಂದು ಮರವಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

"ಇದೇ ಬೀದಿನಾ?" ಎಂದ.

"ಇದೇ. ನಿಮ್ಮ ಹೆಬ್ಬೆರಳು ಸವೆದದ್ದು ಇಲ್ಲೇ," ಎಂದಳು.

"ಹೂಂ. ಆದ್ರೂ ಮನೆ ಚಿಕ್ಕದು," ಎಂದು ಮೂಗು ಮುರಿಯುತ್ತ ಒಳಗೆ ಹೋದ. "ಇನ್ನೊಂದು ಮಾತು ಹೇಳ್ತೀನಿ. ಈ ಗೋಡೆ ಬಿರುಕು ಇದೆಯಲ್ಲ, ಇದನ್ನ ಮೊದ್ಲು ಯಾರಾದ್ರೂ ಎಂಜಿನಿಯರ್‌ಗೆ ತೋರಿಸ್ದೆ ನಾನು ಒಂದು ಕಾಸೂ…"

ಚಾಪೆಯ ಮೇಲೆ ಕುಳಿತೇ ಮಾತಾಡುತ್ತಿದ್ದ. ಹಾಗೇ ಒರಗಿದ. ಅವನ ಮಾತಿನ ಉಳಿದ ಭಾಗ ಕೇಳಲೆಂದು ಅವಳು ಸೂಜಿ ಹಿಡಿದೇ ಕಾದಳು. ಬಂದದ್ದು ಗೊರಕೆ.

ಅತ್ತೆ ಕುರ್ಚಿಯಿಂದಲೇ ಬಗ್ಗಿ ಮಗನ ಮುಖ ನೋಡಿದರು. ಬೆರಳು ತುಟಿಯ ಮೇಲಿಟ್ಟು ಸೊಸೆಗೆ ಸನ್ನೆ ಮಾಡಿದರು. ಸಂಜೆ ಮಗಳು ಶಾಲೆಯಿಂದ ಬಂದು ಬಾಗಿಲು ತೆರೆದಾಗಲೂ ಅವನು ಕದಲಿರಲಿಲ್ಲ.

"ಅಪ್ಪ ಏನಂದ್ರು?" ಎಂದು ಅವಳು ಪಿಸುಗುಟ್ಟಿದಳು.

"ಒಪ್ಪಿದ್ದಾನೆ," ಎಂದರು ಅತ್ತೆ.

ಎದ್ದ ಮೇಲೆ ಅವನೂ ಹಾಗೆಯೇ ಹೇಳಿದ. ಆದರೆ ಅಂದೇ ಮುಂಗಡ ಕೊಡಲಿಲ್ಲ. ಎಂಜಿನಿಯರ್ ಬಂದು ಬಿರುಕು ನೋಡಿದರು. ಅದು ಗಾರೆಯದು, ಗೋಡೆಯದಲ್ಲ. ಮನೆಯ ಕಾಗದ ಪತ್ರಗಳನ್ನು ವಕೀಲರೊಬ್ಬರು ಓದಿದರು, ಮಾರುವವರು ಕರೆತಂದ ವಕೀಲರಲ್ಲ, ಇವರೇ ಹುಡುಕಿದವರು. ಆ ಬೀದಿಯನ್ನು ಅಗಲ ಮಾಡುವ ಯೋಜನೆ ಇದೆಯೇ ಎಂದು ಮೇಡಂ ಕಚೇರಿಯ ನಕ್ಷೆಯಲ್ಲಿ ನೋಡಿದರು. ಇರಲಿಲ್ಲ. ಆಮೇಲೆಯೇ ಸಹಿ.

ಹೊಲಿಗೆ ಯಂತ್ರ ಕೊನೆಗೂ ಇನ್ನೊಮ್ಮೆ ಲಾರಿ ಏರಿತು. ಈ ಸಲ ಅವಳು ಬೇಡ ಎನ್ನಲಿಲ್ಲ. ಹೊಸ ಜಾಗದಲ್ಲಿ ಬಡಗಿಯನ್ನು ಕರೆಸಿ ಅದರ ಕಾಲು ಭದ್ರ ಮಾಡಿಸಿದಳು. ರಟ್ಟನ್ನು ಎಸೆದಳು. ಹಾಲಿನವನು ಈಗಲೂ ಜಾವದಲ್ಲಿ ಆ ಬೀದಿಗೆ ಬರುತ್ತಾನೆ, ಈಗಲೂ ಲಾರಿಗಳ ನಡುವೆ ಸಿಕ್ಕಿಬೀಳುತ್ತಾನೆ. ಆದರೆ ಹಾರ್ನ್ ಹೊಡೆಯುವುದಿಲ್ಲ. ಮಗಳು ಮಲಗಿರುತ್ತಾಳಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಮ್ಮ ನಗರ ದಿನ ಬೆಳಗಾದರೆ ಒಂದು ಬೀದಿಯಷ್ಟು ಬೆಳೆಯುತ್ತಿದೆ. ಬಣ್ಣದ ಫಲಕಗಳು ಎಲ್ಲ ಕಡೆಯಿಂದಲೂ ಕೈಬೀಸಿ ಕರೆಯುತ್ತಿವೆ. ಅವಸರ ಮಾಡಬೇಡಿ. ಮನೆಯನ್ನು ನಿಮಗೆ ಬಿಡುವಿರುವ ಹೊತ್ತಿನಲ್ಲಿ ಮಾತ್ರ ನೋಡಬೇಡಿ. ಅದರಲ್ಲಿ ಬಾಳುವ ಹೊತ್ತಿನಲ್ಲಿ ನೋಡಿ. ಸ್ವಂತ ಗಾಡಿ ಬಿಟ್ಟು ಹೋಗಿ. ಮನೆಯ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಿ, ಅವರು ಹೇಳುವುದನ್ನು ಕೇಳಿ. ಜೋರು ಮಳೆಯಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಅಕ್ಕಪಕ್ಕದವರನ್ನು ಕೇಳಿ, ಮಾರುವವರನ್ನಲ್ಲ. ನಾಳೆ ಬರುತ್ತದೆ ಎಂದು ಹೇಳುವ ರಸ್ತೆ, ರೈಲು, ಆಸ್ಪತ್ರೆಗಳಲ್ಲಿ ಮಂಜೂರಾದದ್ದು ಯಾವುದು ಎಂದು ಕಚೇರಿಗೆ ಹೋಗಿ ವಿಚಾರಿಸಿ. ಮನೆಯಲ್ಲಿ ಒಬ್ಬರು ಇಲ್ಲದ ದಿನ ಉಳಿದವರು ಅಲ್ಲಿಂದ ಶಾಲೆಗೆ, ಕೆಲಸಕ್ಕೆ, ವೈದ್ಯರ ಬಳಿಗೆ ಹೇಗೆ ಹೋಗುತ್ತಾರೆ ಎಂದು ಒಮ್ಮೆ ಯೋಚಿಸಿ.

ಆಮೇಲೆ ಒಂದು ಚಾಪೆ ಹಾಸಿ ಸ್ವಲ್ಪ ಹೊತ್ತು ಮಲಗಿ ನೋಡಿ. ನಿದ್ದೆ ಬಂದರೆ, ಎದ್ದು ವಕೀಲರ ಬಳಿ ಹೋಗಿ.